ಚಾವಡಿಗೆ ಬಂದ ಹೆಂಚು

ಕೈಗೆ ಪ್ಲಾಸ್ಟರು ಹಾಕಿಸಿಕೊಂಡ ತಾಯಿ ಸೇಸಮ್ಮನನ್ನು ಮೂಡಬಿದಿರೆಯಿಂದ ಬಸ್ಸಿನಲ್ಲಿ ತೋಡಾರಿಗೆ ಕರೆತಂದ ಲೋಲಾಕ್ಷಿ ಮನೆಯ ಮೆಟ್ಟಿಲಲ್ಲೇ ನಿಂತುಬಿಟ್ಟಳು. ಅಡಿಗೆಕೋಣೆಗೆಂದು ತರಿಸಿದ್ದ ಹೊಸ ನೆಲಹೆಂಚನ್ನು ಮೇಸ್ತ್ರಿ ತುಕ್ರಪ್ಪ ನೆಂಟರು ಕೂರುವ ಮುಂದಿನ ಚಾವಡಿಯಲ್ಲಿ ಕೂರಿಸುತ್ತಿದ್ದ. ಅಲ್ಲಿದ್ದ ಹಳೆಯ ಗಟ್ಟಿ ಹೆಂಚೆಲ್ಲ ಒಡೆದು ಅಂಗಳದಲ್ಲಿ ರಾಶಿ ಬಿದ್ದಿತ್ತು.

"ಮಾವ, ಅಮ್ಮ ಎಡವಿ ಬಿದ್ದದ್ದು ಅಡಿಗೆಕೋಣೆಯಲ್ಲಿ. ಒಡೆದ ಹೆಂಚು ಇರುವುದೂ ಅಲ್ಲಿ."

ಸೋದರಮಾವ ಕೂಸಪ್ಪ ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಗೊತ್ತುಂಟು ಮಾರಾಯ್ತಿ. ನಾಡಿದ್ದು ತಾಲೂಕು ಬೋರ್ಡಿನ ಅಧ್ಯಕ್ಷರು ಬರ್ತಾರೆ. ಅವರು ಒಲೆಯ ಬುಡದಲ್ಲಿ ಕೂತುಕೊಳ್ತಾರಾ? ಅಡಿಗೆಕೋಣೆಗೆ ಮುಂದಿನ ವರ್ಷ ನೋಡುವ."

"ಅಷ್ಟರಲ್ಲಿ ಅಮ್ಮ ಇನ್ನೊಂದು ಕೈ ಮುರ್ಕೊಳ್ಬೇಕಾ?"

"ಬಾಯಿ ಉದ್ದ ಮಾಡ್ಬೇಡ. ಯಜಮಾನ ನಾನು," ಎಂದು ಕೂಸಪ್ಪ ಅಧ್ಯಕ್ಷರಿಗಾಗಿ ಸೋಡಾ ತರಲು ಪೇಟೆಗೆ ಹೊರಟ.

ಯಜಮಾನನಂತೆ! ಅಳಿಯಸಂತಾನದ ಮನೆ ಅದು. ಅಜ್ಜಿಯಿಂದ ಸೇಸಮ್ಮನಿಗೆ, ಸೇಸಮ್ಮನಿಂದ ಮಗಳು ಲೋಲಾಕ್ಷಿಗೆ ಇಳಿಯುವ ಆಸ್ತಿ. ಸೊತ್ತು ಹೆಂಗಸರದ್ದು, ಸೊಕ್ಕು ಗಂಡಸರದ್ದು. ಹೊರಗೆ ಥಳಕು, ಒಳಗೆ ಹುಳುಕು ಎನ್ನುವುದು ಇದಕ್ಕೇ.

"ಬಿಡು ಮಗಾ, ಮಾವನ ಹತ್ರ ಜಗಳ ಬೇಡ," ಎನ್ನುತ್ತ ಸೇಸಮ್ಮ ಒಳಗೆ ಹೋದಳು. ಅಡಿಗೆಕೋಣೆಯ ಹೊಸ್ತಿಲು ದಾಟಿ, ಗೋಡೆ ಹಿಡಿದುಕೊಂಡು, ಹೆಬ್ಬೆರಳಿನಿಂದ ನೆಲ ತಡಕಿ ತಡಕಿ ಹೆಜ್ಜೆ ಇಟ್ಟಳು. ಹುಟ್ಟಿ ಬೆಳೆದ ಮನೆಯ ನೆಲಕ್ಕೇ ಹೆದರುತ್ತಿದ್ದ ತಾಯಿಯನ್ನು ನೋಡಿ ಲೋಲಾಕ್ಷಿಯ ಮೈ ಉರಿದುಹೋಯಿತು.

ಸೆರಗು ಸೊಂಟಕ್ಕೆ ಬಿಗಿದು ಚಾವಡಿಗೆ ಬಂದವಳೇ ತುಕ್ರಪ್ಪನ ಕರಣೆ ಕಿತ್ತುಕೊಂಡಳು. ಗಾರೆ ಇನ್ನೂ ಹಸಿಯಾಗಿತ್ತು. ಹೊಸ ಹೆಂಚು ಒಂದೊಂದಾಗಿ ಎದ್ದುಬಂತು.

"ಅಕ್ಕಾ, ಯಜಮಾನರು ನನ್ನನ್ನು ಕೊಲ್ತಾರೆ!"

"ನನ್ನ ಹೆಸರು ಹೇಳು. ಮೊದಲು ಒಳಗೆ ಬಂದು ಆ ಒಡೆದದ್ದನ್ನೆಲ್ಲ ಕೀಳು. ಗಾರೆ ಗಟ್ಟಿಯಾಗ್ತದೆ."

ತುಕ್ರಪ್ಪ ಒಮ್ಮೆ ಗೇಟಿನ ಕಡೆ, ಒಮ್ಮೆ ಸೇಸಮ್ಮನ ಕೈಯ ಕಡೆ ನೋಡಿ, ಗಾರೆಯ ಬುಟ್ಟಿ ಎತ್ತಿಕೊಂಡ.

ಸಂಜೆ ಕೂಸಪ್ಪ ಸೋಡಾ ಬಾಟ್ಲಿಗಳೊಂದಿಗೆ ಮೆಟ್ಟಿಲು ಹತ್ತಿದ. ಚಾವಡಿಯಲ್ಲಿ ಹಳೆಯ ಹೆಂಚೂ ಇಲ್ಲ, ಹೊಸ ಹೆಂಚೂ ಇಲ್ಲ. ಅಗೆದ ಮಣ್ಣು ಮಾತ್ರ.

"ಯಾರನ್ನು ಕೇಳಿ ಮಾಡಿದ್ದು ಇದು? ಈ ಮನೆಗೆ ಯಜಮಾನ ಯಾರು?"

ಲೋಲಾಕ್ಷಿ ಒಳಗೆ ಕೊನೆಯ ಹೆಂಚನ್ನು ಅಂಗೈಯಿಂದ ಒತ್ತುತ್ತಿದ್ದಳು. ತಲೆ ಎತ್ತಲಿಲ್ಲ.

"ನೀವೇ ಮಾವ, ಅದರಲ್ಲಿ ಸಂಶಯ ಉಂಟಾ? ಕಾಲು ನೋಡಿ ಇಡಿ, ಅಲ್ಲಿ ಗುಂಡಿ ಉಂಟು."