ಕೀಮೋ ವಾರ್ಡಿನ ಮದುವೆ ಜಗಳ

ಮೊದಲ ಕೀಮೋ ಬಾಟಲಿ ಅರ್ಧ ಇಳಿಯುವಷ್ಟರಲ್ಲಿ ಅವಳಿಗೆ ಸಾಕಾಗಿಹೋಯಿತು. "ಖುಷಿಯಾದ ದಿನ ನೆನೆಸ್ಕೊಳ್ಳಿ" ಎಂದಿದ್ದಳು ನರ್ಸ್. ನೆನಪಾದದ್ದು ಮನೆಯ ದಾರಿಯೊಂದೇ. ಸೂಜಿ ಕಿತ್ತೆಸೆದು ಹೊರಟೇಬಿಡೋಣವೆಂದು ಕೈ ಹಾಕುವುದಕ್ಕೂ, ಎದುರಿನ ಎರಡು ಮಂಚಗಳಲ್ಲಿ ಜಗಳ ಹೊತ್ತಿಕೊಳ್ಳುವುದಕ್ಕೂ ಸರಿಹೋಯಿತು. ಇಬ್ಬರ ತಲೆಯೂ ಬೋಳು, ಇಬ್ಬರ ಕೈಗೂ ಬಾಟಲಿ.

"ನಮ್ಮ ಮದ್ವೆ ಪಾಯಸಕ್ಕೆ ಉಪ್ಪು ಸುರಿಸ್ದೋನು ನಿಮ್ಮಪ್ಪ!" ಎಂದು ಮುದುಕ ಗುಡುಗಿದ.

"ಬಾಯ್ಮುಚ್ರಿ! ಧಾರೆ ಹೊತ್ನಲ್ಲಿ ಗೊರಕೆ ಹೊಡೆದೋರು ಯಾರು? ಪುರೋಹಿತ್ರು ದರ್ಭೇಲಿ ತಿವಿದು ಎಬ್ಬಿಸ್ಲಿಲ್ವಾ?" ಎಂದಳು ಮುದುಕಿ.

"ನಿದ್ದೆ ಅಲ್ಲ ಕಣೇ ಅದು. ನಿನ್ನ ಮುಖ ನೋಡಿ ಪ್ರಜ್ಞೆ ತಪ್ಪಿತ್ತು!"

ಸೂಜಿಯ ಮೇಲಿದ್ದ ಅವಳ ಕೈ ನಗು ತಡೆಯಲು ಬಾಯಿಗೆ ಹೋಯಿತು. ಓಲಗದವರು ದಾರಿ ತಪ್ಪಿ ಬೇರೆ ಮದುವೆಮನೆಯಲ್ಲಿ ಊದಿದ್ದು, ಮೆರವಣಿಗೆಯ ಎತ್ತು ಮದುಮಗಳ ಸೆರಗು ಮೇದದ್ದು, ಒಂದೊಂದೇ ಹೊರಬಿತ್ತು. ನರ್ಸ್ ಬಂದು ತನ್ನ ಬಾಟಲಿ ಕಳಚಿದಾಗ, ಇಷ್ಟು ಬೇಗ ಮುಗಿಯಿತೇ ಎಂದು ಅವಳಿಗೆ ಸಿಟ್ಟೇ ಬಂತು.

"ಮದ್ವೆಯಾಗಿ ಎಷ್ಟು ವರ್ಷ ಆಯ್ತಮ್ಮ?" ಎಂದು ಮುದುಕಿಯನ್ನು ಕೇಳಿದಳು.

ಅಷ್ಟರಲ್ಲಿ ಇನ್ನೊಬ್ಬ ಮುದುಕ ಫ್ಲಾಸ್ಕ್ ಹಿಡಿದು ಬಂದು, "ಏಳೇ, ಬಸ್ಸು ಹೋಗುತ್ತೆ" ಎಂದು ಮುದುಕಿಯ ಚಪ್ಪಲಿ ಹುಡುಕತೊಡಗಿದ.

"ನಲ್ವತ್ತು ವರ್ಷ, ಇವ್ರ ಜೊತೆ. ಜಗಳ ಆಡಿದ ಆವಯ್ಯ ಸಿಕ್ಕಿದ್ದು ಹೋದ ತಿಂಗ್ಳು, ಇಲ್ಲೇ. ನಿಜವಾದ ನೆನಪೆಲ್ಲ ಎರಡೇ ಬಾಟ್ಲಿಗೆ ಖಾಲಿಯಾಯ್ತು, ಈಗೆಲ್ಲ ಕಟ್ಟಿದ್ದೇ ನೋಡು," ಎಂದಳು ಮುದುಕಿ. "ಮುಂದಿನ್ಸಲ ನೀನು ಬೀಗಿತಿ. ಊಟದಲ್ಲಿ ಏನೇನು ಕೊರತೆ ಆಗಿತ್ತು ಅಂತ ಯೋಚಿಸ್ಕೊಂಡು ಬಾ."