ಅರಮನೆಯಲ್ಲಿ ಬಿಟ್ಟುಬಂದವರು

ಅತ್ತೆಯ ಸೆರಗಿನ ಒಳಬದಿಗೆ ಪಿನ್ನು ಹಾಕಿದ್ದ ವಿಳಾಸದ ಚೀಟಿಯನ್ನು ಸೊಸೆ ಕಾರಿನಲ್ಲೇ ಬಿಚ್ಚಿಕೊಂಡಳು. ಅತ್ತೆ ತಡೆಯಲಿಲ್ಲ. ಕೈಗೆ ಸಿಗುವ ಹಾಗೆ ಸೆರಗನ್ನು ತಾನೇ ಎತ್ತಿ ಹಿಡಿದಳು.

"ಬ್ಯಾಗು, ಮೊಬೈಲು ಇಲ್ಲೇ ಇರಲಿ, ಒಳಗೆ ಬಿಡಲ್ಲ," ಎಂದ ಗಂಡ. ಸೊಸೆ ಇಳಿದ ಮೇಲೆ ಹತ್ತಿರ ಬಂದು ದನಿ ತಗ್ಗಿಸಿದ. "ಕಾರು ಈ ಬಾಗಿಲಲ್ಲೇ ಇರತ್ತೆ. ಅಮ್ಮನ್ನ ಕೂರಿಸಿ ಬಂದುಬಿಡು. ಹಿಂದೆ ತಿರುಗಿ ನೋಡಿದ್ರೆ ಆಗೋ ಕೆಲಸ ಅಲ್ಲ ಇದು."

ಅತ್ತೆಗೆ ಮರೆವು ಹತ್ತಿ ವರ್ಷವಾಗಿತ್ತು. ಒಲೆ ಆರಿಸುತ್ತಿರಲಿಲ್ಲ. ಉಂಡಿಲ್ಲವೆಂದು ನೆರೆಯವರಿಗೆ ದೂರುತ್ತಿದ್ದಳು. ಸೊಸೆಯನ್ನೇ ಯಾರೆಂದು ಕೇಳುತ್ತಿದ್ದಳು. ಮಗನನ್ನು ಮಾತ್ರ ಒಮ್ಮೆಯೂ ಮರೆತಿರಲಿಲ್ಲ. ಒಗೆದು, ಉಣಿಸಿ, ಬೈಸಿಕೊಂಡು ಸೊಸೆ ಹೈರಾಣಾಗಿದ್ದಳು. ದೂರದೂರಿನ ಈ ಅರಮನೆ ನೋಡುವ ನೆಪದಲ್ಲಿ ಬಿಟ್ಟುಬರೋಣ ಎಂದವನು ಗಂಡನೇ. ವರ್ಷಗಟ್ಟಲೆ ನೆಟ್ಟಗೆ ಮಾತಾಡದವನು ಆ ವಾರವಿಡೀ ಮಗ್ಗುಲಲ್ಲಿ ಕೂತು ಮಾತಾಡಿದ. ಅವಳು ಬೇಡ ಅನ್ನಲಿಲ್ಲ.

ಹೆಬ್ಬಾಗಿಲಲ್ಲಿ ಅತ್ತೆ ಕೈ ಕೊಸರಿಕೊಂಡಳು. "ಯಾರಮ್ಮ ನೀನು? ನನ್ನ ಕೈ ಯಾಕೆ ಹಿಡ್ಕೊಂಡಿದೀಯ?"

ಕಾವಲಿನ ಹೆಂಗಸು ಇಬ್ಬರನ್ನೂ ದಿಟ್ಟಿಸಿದಳು. ಸೊಸೆ ನಗು ತಂದುಕೊಂಡು ಅತ್ತೆಯನ್ನು ಒಳಗೆ ನಡೆಸಿದಳು.

ಕಮಾನುಗಳ ತುಂಬ ನೀಲಿ ಹೆಂಚಿನ ಬಿಲ್ಲೆಗಳ ಮೇಲೆ ಬಳ್ಳಿಯಂತೆ ಹಬ್ಬಿದ ಅರಬ್ಬಿ ಅಕ್ಷರ. ಕಾಲಡಿಯಲ್ಲಿ ತಣ್ಣನೆಯ ಅಮೃತಶಿಲೆ. ಕಲ್ಲಿನ ಜಾಲರಿಯಿಂದ ಬಿಸಿಲು ಚೂರುಚೂರಾಗಿ ನೆಲಕ್ಕೆ ಬಿದ್ದಿತ್ತು. ಸೊಸೆ ನೋಡಿಕೊಂಡದ್ದು ಕೂರಿಸಲು ತಕ್ಕ ಜಾಗವನ್ನು ಮಾತ್ರ.

ರಾಣಿವಾಸವಾಗಿದ್ದ ಜನಾನಾದಲ್ಲಿ, ಗುಂಪನ್ನು ಕರೆದೊಯ್ಯುತ್ತಿದ್ದ ಗೈಡು ನಿಂತ. "ಎಲ್ರೂ ರಾಣಿಯರ ಕಥೆ ಕೇಳ್ತಾರೆ. ಇಲ್ಲಿ ರಾಣಿಯರ ಮಾತು ನಡೀತಾನೇ ಇರಲಿಲ್ಲ. ಯಾರು ಇರಬೇಕು, ಯಾರು ಹೋಗಬೇಕು ಅನ್ನೋದೆಲ್ಲ ಸುಲ್ತಾನರ ತಾಯಿ ಕೈಲಿತ್ತು."

"ಹೌದಾ?" ಎಂದು ಅತ್ತೆ ಮಗುವಿನಂತೆ ನಕ್ಕಳು.

ಒಳ ಅಂಗಳದಲ್ಲಿ, ಬತ್ತಿದ ಕಾರಂಜಿಯ ಪಕ್ಕ, ಒಂದು ಕಲ್ಲುಬೆಂಚು ಖಾಲಿಯಿತ್ತು.

"ಇಲ್ಲೇ ಕೂತಿರಿ ಅತ್ತೆ. ನೀರು ತರ್ತೀನಿ."

"ಹೋಗು ತಾಯಿ. ನಿಧಾನವಾಗಿ ಹೋಗು. ನನಗೇನೂ ಅವಸರ ಇಲ್ಲ." ಅತ್ತೆ ಅವಳ ಕೆನ್ನೆ ಸವರಿದಳು. ಮದುವೆಯಾದಾಗಿನಿಂದ ಅದೇ ಮೊದಲು.

ಮೊಗಸಾಲೆ ದಾಟಿದ ಸೊಸೆ ಹೆಬ್ಬಾಗಿಲಿಗೆ ಹೋಗಲಾರದೆ ಪಕ್ಕಕ್ಕೆ ತಿರುಗಿದಳು. ಕನ್ನಡಿಗಳ ಕೋಣೆಯ ಮೂಲೆಯಲ್ಲಿ ಕುಸಿದು ಕೂತಳು. ಚಾವಣಿಯ ಚೂರುಗನ್ನಡಿಗಳ ತುಂಬ ಅವಳದೇ ಮುಖ. ನೋಡಲಾಗದೆ ಮುಖ ಮುಚ್ಚಿಕೊಂಡು ಅತ್ತಳು. ಎಷ್ಟು ಹೊತ್ತೋ. ಗುಂಪುಗಳು ಬಂದವು, ಹೋದವು. ಬೈದರೂ ಸರಿ, ಮರೆತರೂ ಸರಿ, ಮನೆಗೆ ಕರೆದುಕೊಂಡು ಹೋಗುತ್ತೇನೆ. ಗಂಡ ಏನಾದರೂ ಅಂದುಕೊಳ್ಳಲಿ. ಕಣ್ಣೊರೆಸಿಕೊಂಡು ಎದ್ದು, ಬಂದ ದಾರಿಯಲ್ಲೇ ಓಡಿದಳು.

ಬೆಂಚು ಖಾಲಿಯಿತ್ತು.

ಸ್ನಾನದ ಮನೆ, ಕಂಬಗಳ ಸಾಲು, ತೋಟ, ಎಲ್ಲ ಕಡೆ ಹುಡುಕಿದಳು. "ಅತ್ತೆ, ಅತ್ತೆ" ಎಂದು ಕೂಗುತ್ತ, ಬೆನ್ನು ಬಾಗಿದ ಮುದುಕಿಯರನ್ನೆಲ್ಲ ಹಿಡಿದು ತಿರುಗಿಸಿ ಮುಖ ನೋಡಿದಳು. ಜನ ದೂರ ಸರಿದರು. ಕೊನೆಗೆ ಹೆಬ್ಬಾಗಿಲಿಗೆ ಬಂದು ಕಾವಲಿನ ಹೆಂಗಸಿನ ತೋಳು ಹಿಡಿದಳು.

"ನಮ್ಮತ್ತೆ… ಹಸಿರು ಸೀರೆ… ಅವರಿಗೆ ಏನೂ ನೆನಪಿರಲ್ಲ. ಎಲ್ಲೂ ಕಾಣಿಸ್ತಿಲ್ಲ."

ಹೊರಗೆ ಕಾರೂ ಇರಲಿಲ್ಲ.

ಕಾವಲಿನ ಹೆಂಗಸಿಗೆ ಆಶ್ಚರ್ಯವೇನೂ ಆಗಲಿಲ್ಲ. ತಾನು ಕೂತಿದ್ದ ಕುರ್ಚಿಯನ್ನೇ ಎಳೆದು ಹಾಕಿ, ಅವಳ ಭುಜ ಮೆಲ್ಲಗೆ ತಟ್ಟಿದಳು.

"ಕೂತ್ಕೊ ಕಂದ, ಹೆದರಬೇಡ. ಆ ಅಜ್ಜಿ ಮಗನ ಜೊತೆ ಆಗಲೇ ಹೊರಟುಹೋದ್ರು. ಹೋಗ್ತಾ ನನಗೆ ಹೇಳಿಯೇ ಹೋದ್ರು: ಯಾರೋ ಪಾಪದ ಹೆಣ್ಣು, ಕಂಡೋರನ್ನೆಲ್ಲ ಅತ್ತೆ ಅಂತ ಬೆನ್ನು ಹತ್ತತ್ತೆ, ತಲೆ ಸರಿಯಿಲ್ಲ, ಗದರಬೇಡಿ ಅಂತ."