ಕಾಲರಿನ ಮೇಲೆ ಕಡಜ

ಕಡಜ ಬಂದು ಗಂಡನ ಅಂಗಿಯ ಕಾಲರಿನ ಮೇಲೆ ಕುಳಿತಾಗ ಅವನು ಉಸಿರು ಬಿಗಿಹಿಡಿದು ಒಂಬತ್ತನೆಯ ಚಿತ್ರ ತೆಗೆಯುತ್ತಿದ್ದ. ಹೆಂಡತಿ ಹಿತ್ತಿಲ ಮೆಟ್ಟಿಲ ಮೇಲಿಂದ ಅದನ್ನು ಕಂಡಳು. ಹಳದಿ ಪಟ್ಟೆ, ನೂಲಿನಂಥ ಸೊಂಟ. ಅದು ಕಾಲರಿನ ಅಂಚಿನಲ್ಲಿ ಎರಡು ಹೆಜ್ಜೆ ನಡೆದು ನಿಂತಿತು. ಅಲ್ಲಿಂದ ಕತ್ತಿಗೆ ಒಂದು ಬೆರಳಿನಷ್ಟೂ ದೂರವಿರಲಿಲ್ಲ.

ಹೋದ ವರ್ಷ ಇಂಥದ್ದೇ ಒಂದು ಅವನ ಮುಂಗೈಗೆ ಕಚ್ಚಿತ್ತು. ಹತ್ತು ನಿಮಿಷದಲ್ಲಿ ತುಟಿ ಊದಿ, ಗಂಟಲು ಕಟ್ಟಿ, ಆಸ್ಪತ್ರೆಯ ಬಾಗಿಲಲ್ಲೇ ಕುಸಿದಿದ್ದ. ಇನ್ನೊಮ್ಮೆ ಕಚ್ಚಿದರೆ ಇಲ್ಲಿಯವರೆಗೆ ಬರುವಷ್ಟು ಹೊತ್ತು ಸಿಗಲಿಕ್ಕಿಲ್ಲ ಎಂದು ಡಾಕ್ಟರು ಪೆನ್ನಿನ ಆಕಾರದ ಇಂಜೆಕ್ಷನ್ ಬರೆದುಕೊಟ್ಟರು. ಮುಚ್ಚಳ ತೆಗೆದು ತೊಡೆಗೆ ಒತ್ತಿದರೆ ಸೂಜಿ ತಾನಾಗಿ ಚುಚ್ಚುತ್ತದೆ. ಒಂದು ಸಲಕ್ಕಷ್ಟೇ. ಇಷ್ಟಾದರೂ ಅವನು ಹುಳುಗಳ ಹುಚ್ಚು ಬಿಡಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಹುಳುಗಳು ಚಳಿಗೆ ಮಂಕಾಗಿರುವ ಬೆಳಗಿನ ಒಂದು ಗಂಟೆ ಮಾತ್ರ ಅವನು ತೋಟಕ್ಕಿಳಿಯಬೇಕು. ಅಷ್ಟೂ ಹೊತ್ತು ಅವಳು ಪೆನ್ನು ಹಿಡಿದು ಮೆಟ್ಟಿಲ ಮೇಲೆ ಕೂತಿರಬೇಕು.

"ನನ್ನ ಬಾಡಿಗಾರ್ಡ್ ರೆಡೀನಾ?" ಎಂದು ಇವತ್ತೂ ಕೇಳಿದ್ದ.

"ಬಾಡಿಗಾರ್ಡ್ ಅಲ್ಲ, ಕಾಂಪೌಂಡರ್. ಬೇಗ ಮುಗ್ಸಿ, ಸ್ಕೂಲಿಗೆ ಹೊತ್ತಾಗುತ್ತೆ."

"ಹುಳಕ್ಕೆ ಹೇಳ್ತೀನಿ ಬಿಡು, ಟೀಚರಮ್ಮಂಗೆ ಫಸ್ಟ್ ಪೀರಿಯಡ್ ಇದೆಯಂತೆ, ಬೇಗ ಪೋಸ್ ಕೊಡಪ್ಪ ಅಂತ."

ಈಗ ಕೂಗುವಂತಿರಲಿಲ್ಲ. ಕೂಗಿದರೆ ತಿರುಗುತ್ತಾನೆ, ತಿರುಗಿದರೆ ಅದು ಕತ್ತಿನ ಮಡಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅವನ ಎದುರು ಬೀನ್ಸ್ ಬಳ್ಳಿಯಲ್ಲಿ ಮೈತುಂಬ ಇಬ್ಬನಿ ಹೊತ್ತ ಏರೋಪ್ಲೇನ್ ಚಿಟ್ಟೆ ಕೂತಿತ್ತು. ಒಂದು ಚಿತ್ರದಲ್ಲಿ ಕೂದಲೆಳೆಯಷ್ಟು ಭಾಗ ಮಾತ್ರ ಸ್ಪಷ್ಟವಾಗುತ್ತದೆ. ಹಾಗಾಗಿ ಕ್ಯಾಮೆರಾವನ್ನು ಎಳ್ಳಷ್ಟೆಳ್ಳಷ್ಟೇ ಮುಂದೆ ಸರಿಸುತ್ತ ಇಪ್ಪತ್ತು ಚಿತ್ರ ತೆಗೆದು, ಆಮೇಲೆ ಎಲ್ಲವನ್ನೂ ಒಂದಾಗಿ ಜೋಡಿಸುತ್ತಾನೆ. ಇಪ್ಪತ್ತು ಮುಗಿಯುವವರೆಗೆ ಅವನು ಕಲ್ಲು. ಆ ಕಲ್ಲುತನಕ್ಕೆ ಎಷ್ಟೋ ಸಲ ಸಿಡುಕಿದ್ದವಳು ಇವತ್ತು ಹಾಗೇ ಇರಲಿ ಎಂದು ಬೇಡಿಕೊಂಡಳು.

ಸದ್ದಾಗದಂತೆ ಪೆನ್ನಿನ ಮುಚ್ಚಳ ತೆಗೆದಳು. ಕಚ್ಚಿದ ಕ್ಷಣವೇ ಓಡಬೇಕು. ಕ್ಯಾಮೆರಾದ ಸದ್ದು ಎಣಿಸತೊಡಗಿದಳು. ಹನ್ನೊಂದು. ಹನ್ನೆರಡು. ಕಡಜ ಕಾಲರಿನ ಅಂಚಿನಿಂದ ಅವನ ಕೂದಲಂಚಿನ ಕಡೆ ಮೀಸೆ ಚಾಚಿತು. ಹದಿಮೂರು. ಅವಳು ಮುಂದಕ್ಕೆ ಬಾಗಿದಳು. ಹದಿನಾಲ್ಕು. ಆಮೇಲೆ ತೀರ ಹತ್ತಿರದಲ್ಲಿ ಟಕ್ಕೆಂದಿತು.

ತೊಡೆ ಚುರ್ ಎಂದಿತು. ಇನ್ನೊಂದು ಹುಳು ತನಗೇ ಕಚ್ಚಿತೇನೋ ಅಂದುಕೊಂಡು ಕೆಳಗೆ ನೋಡಿದಳು. ಪೆನ್ನಿನ ತುದಿಯನ್ನು ತನ್ನ ತೊಡೆಗೇ ಒತ್ತಿ ಹಿಡಿದಿದ್ದಳು. ಎಳೆದಾಗ ಬಟ್ಟೆಯೊಳಗಿನಿಂದ ಸೂಜಿ ಹೊರಬಂತು. ಪೆನ್ನಿನ ಕಿಂಡಿಯಲ್ಲಿ ಮದ್ದಿರಲಿಲ್ಲ.

ಎದೆ ಹೊಡೆದುಕೊಳ್ಳತೊಡಗಿತು. ಅದರಲ್ಲಿ ಹೆದರಿಕೆಯದೆಷ್ಟು, ಮದ್ದಿನದೆಷ್ಟು ಎಂದು ತಿಳಿಯಲಿಲ್ಲ. ಪೆನ್ನನ್ನು ಮೆಟ್ಟಿಲ ಮೇಲಿಟ್ಟು ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆದಳು. ಹುಳುವನ್ನು ಎಲೆಯಿಂದ ಎಲೆಗೆ ಸಾಗಿಸುವುದನ್ನು ಅವನೇ ಕಲಿಸಿದ್ದ: ಹಿಡಿಯಬಾರದು, ತಳ್ಳಬಾರದು, ಅದರ ಮುಂದೆ ದಾರಿ ಇಡಬೇಕು. ಅವಳು ಕಾಲರಿನ ಅಂಚಿಗೆ ಬೆರಳು ಇಟ್ಟಳು. ಕಡಜ ಯೋಚಿಸಿದಂತೆ ನಿಂತು, ಹತ್ತಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಮತ್ತೊಂದು.

ಇಪ್ಪತ್ತನೆಯ ಚಿತ್ರ ಮುಗಿಸಿ ಅವನು ಉಸಿರು ಬಿಟ್ಟು ತಿರುಗಿದ. ಕಣ್ಣು ಅರಳಿತು.

"ಏ, ಅಲ್ಲಾಡ್ಬೇಡ! ಎಲ್ಲಿತ್ತೇ ಇದು? ರೆಕ್ಕೆ ಮೇಲೆ ಬೆಳಕು ನೋಡು ಹೆಂಗ್ ಬಿದ್ದಿದೆ."

"ಹತ್ರ ಬರ್ಬೇಡಿ. ಒಳಗ್ ಹೋಗಿ."

"ಕೈ ಯಾಕ್ ಹಂಗ್ ನಡುಗ್ತಿದೆ? ಕಚ್ಚಿದ್ರೆ ನಿಂಗೇನೂ ಆಗಲ್ಲ ಕಣೇ, ಆಗೋದು ನಂಗೆ."

"ರೀ, ಹೋಗ್ರೀ!"

"ಒಂದೇ ಒಂದು ತೆಗೀತೀನಿ. ಮದ್ದು ನಿನ್ನ ಹತ್ರ ಇದೆಯಲ್ಲ, ಮತ್ತೇನು ಭಯ?" ಎನ್ನುತ್ತ ಅವನು ಗೇಣು ದೂರಕ್ಕೆ ಬಗ್ಗಿದ.

ಮದ್ದಿಲ್ಲ ಎನ್ನಲು ಹೋದರೆ ಒಣಗಿದ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಕಡಜ ಬೆರಳಿಂದ ಅಂಗೈಗೆ ಇಳಿದು, ಹಾರಲು ರೆಕ್ಕೆ ಬಿಚ್ಚಿತು. ಅದರ ಎದುರಿಗೆ ಅವನ ಮುಖವಿತ್ತು. ಅವಳು ಮುಷ್ಟಿ ಮುಚ್ಚಿದಳು.

"ಹುಚ್ಚು ಹಿಡೀತಾ ನಿಂಗೆ? ಬಿಡೇ ಅದನ್ನ!" ಅವನು ಅವಳ ಬೆರಳು ಬಿಡಿಸಲು ಕೈ ಚಾಚಿದ. ಅವಳು ಕೈಯನ್ನು ಬೆನ್ನ ಹಿಂದೆ ಸರಿಸಿ, ಮೆಟ್ಟಿಲ ಕಡೆ ಗದ್ದದಿಂದ ತೋರಿಸಿದಳು.

ಅವನು ನೋಡಿದ. ಪೆನ್ನು ಅಡ್ಡಬಿದ್ದಿತ್ತು, ಸೂಜಿ ಹೊರಗಿತ್ತು. ಅವನ ಮುಖ ಬಿಳಿಚಿಕೊಂಡಿತು. ಕ್ಯಾಮೆರಾ ಎದೆಗವಚಿಕೊಂಡು ಮೆಟ್ಟಿಲು ಹತ್ತಿದ. ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದು ಅವಳಿಗೆ ಕೇಳಿಸಿತು.

ಮುಷ್ಟಿಯೊಳಗೆ ಅದು ಎರಡನೆಯ ಸಲ ಚುಚ್ಚಿದಾಗ, ಅವನು ಮೇಲಿನ ಚಿಲಕವನ್ನೂ ಹಾಕುತ್ತಿದ್ದ.